ಸರ್ಕಾರಿ ಶಾಲೆಗಳನ್ನು ಹೋಲಿಸುವುದಾದರೆ ಸರಿಯಾಗಿ ಹೋಲಿಸಿ

ಮಾನ್ಯ ಸಂಪಾದಕರೇ,

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮಾರನೇ ದಿನ ಜಿಲ್ಲಾ ಪುಟದಲ್ಲಿ ಎರಡು ಪಟ್ಟಿ ತಪ್ಪದೆ ಬರುತ್ತವೆ. ರಾಜ್ಯದಲ್ಲಿ ಶಿವಮೊಗ್ಗ ಎಷ್ಟನೇ ಸ್ಥಾನದಲ್ಲಿದೆ ಎಂಬುದು ಒಂದು, ನಗರದಲ್ಲಿ ಶೇ 100 ಫಲಿತಾಂಶ ಪಡೆದ ಶಾಲೆಗಳು ಯಾವುವು ಎಂಬುದು ಇನ್ನೊಂದು. ಈ ಎರಡನೆಯದನ್ನು ಕತ್ತರಿಸಿಟ್ಟುಕೊಂಡು, ಮೇ ಕೊನೆಗೆ ಶಾಲೆ ಶುರುವಾಗುವ ಹೊತ್ತಿಗೆ ಮಗುವನ್ನು ಎಲ್ಲಿಗೆ ಸೇರಿಸುವುದೆಂದು ತೀರ್ಮಾನಿಸುವ ಪೋಷಕರು ವಿನೋಬನಗರ, ಗೋಪಾಳ, ಹೊಸಮನೆ, ಗಾಡಿಕೊಪ್ಪ ಎಲ್ಲ ಕಡೆ ಇದ್ದಾರೆ. ಸರ್ಕಾರಿ ಪ್ರಾಥಮಿಕ ಮತ್ತು ಪ್ರೌಢಶಾಲೆಗಳಲ್ಲಿ ಕೆಲಸ ಮಾಡಿ ನಿವೃತ್ತರಾದ ನಾವು ಕೆಲವರು ಸೇರಿ ಬರೆಯುತ್ತಿರುವ ಪತ್ರ ಇದು. ಆ ಪಟ್ಟಿಯಿಂದ ಶಾಲೆಯ ಗುಣಮಟ್ಟ ಗೊತ್ತಾಗುವುದಿಲ್ಲ. ಶಾಲೆಗೆ ಎಂಥ ಮಕ್ಕಳು ಬಂದಿದ್ದರು, ಅವರಲ್ಲಿ ಎಷ್ಟು ಮಂದಿಯನ್ನು ಪರೀಕ್ಷೆಗೆ ಕೂರಿಸಿದರು ಎಂಬುದರ ನೆರಳು ಮಾತ್ರ ಅದರಲ್ಲಿ ಕಾಣುತ್ತದೆ. ಹೋಲಿಕೆಯೇ ಬೇಡ ಎಂದು ನಾವು ಹೇಳುತ್ತಿಲ್ಲ. ಹೋಲಿಸಲು ಬೇಕಾದ ಅಂಕಿಗಳು ಬೇರೆ, ಮತ್ತು ಅವೆಲ್ಲ ಶಾಲೆಯ ಬೀರುವಿನಲ್ಲೇ ಇವೆ.

ಮೊದಲು ಶೇಕಡಾವಾರಿನ ಕಥೆ ನೋಡೋಣ. 2023ರಲ್ಲಿ ರಾಜ್ಯದ ಎಸ್ಸೆಸ್ಸೆಲ್ಸಿ ಫಲಿತಾಂಶ ಶೇ 83.89 ಇತ್ತು. 2024ರ ಪರೀಕ್ಷೆ–1ರಲ್ಲಿ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ (ಕ್ಯಾಮೆರಾದಲ್ಲಿ ನೇರ ನಿಗಾ) ಬಂತು, ಪಕ್ಕದವರ ಉತ್ತರ ನೋಡಿ ಬರೆಯುವುದು ಕಷ್ಟವಾಯಿತು. ಕೃಪಾಂಕವನ್ನು ಶೇ 10ರಿಂದ 20ಕ್ಕೆ ಏರಿಸಿದ ಮೇಲೂ ಫಲಿತಾಂಶ ಶೇ 73.40ಕ್ಕೆ ಇಳಿಯಿತು. 2025ರಲ್ಲಿ ಆ ಹೆಚ್ಚುವರಿ ಕೃಪಾಂಕವನ್ನೂ ತೆಗೆದರು, ಇನ್ನಷ್ಟು ಇಳಿಯಿತು. ನಮ್ಮ ಜಿಲ್ಲೆ 2024ರಲ್ಲಿ ಶೇ 88.67ರೊಂದಿಗೆ ಮೂರನೇ ಸ್ಥಾನದಲ್ಲಿದ್ದದ್ದು 2025ರಲ್ಲಿ ಶೇ 82.29 ಪಡೆದು ನಾಲ್ಕನೆಯದಾಯಿತು. ಇದನ್ನು ಕುಸಿತ ಎಂದು ಬರೆದವರಿದ್ದಾರೆ. ಕೃಪಾಂಕದ ಲೆಕ್ಕ ತೆಗೆದುಹಾಕದೆ ಈ ಎರಡು ವರ್ಷಗಳನ್ನು ಅಕ್ಕಪಕ್ಕ ಇಡುವುದೇ ತಪ್ಪು. 2024ರಲ್ಲಿ 88 ಇದ್ದ ಶಾಲೆ ಮರುವರ್ಷ 80ಕ್ಕೆ ಬಂದಿದ್ದರೆ ಅಲ್ಲಿ ಪಾಠ ಸುಧಾರಿಸಿರಲೂಬಹುದು. ಅದರ ಮೇಲೆ 2024ರಿಂದ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ. ಒಂದು ಶಾಲೆ ಪರೀಕ್ಷೆ–1ರ ಲೆಕ್ಕ ಕೊಡುತ್ತದೆ, ಇನ್ನೊಂದು ಎಲ್ಲವನ್ನೂ ಕೂಡಿಸಿ ಫ್ಲೆಕ್ಸ್ ಹಾಕುತ್ತದೆ. ಎರಡೂ ಒಂದೇ ಪಟ್ಟಿಯಲ್ಲಿ ಬರುತ್ತವೆ.

ಇನ್ನು ಸಂಖ್ಯೆಯ ಆಟ. ಹತ್ತನೇ ತರಗತಿಯಲ್ಲಿ 11 ಮಕ್ಕಳಿರುವ ಶಾಲೆಯಲ್ಲಿ ಒಬ್ಬ ಹುಡುಗ ಗಣಿತದಲ್ಲಿ ಜಾರಿದರೆ ಫಲಿತಾಂಶ ಶೇ 90.91. ಅವನಿಗೆ ಇನ್ನೆರಡು ಅಂಕ ಬಿದ್ದಿದ್ದರೆ ಶೇ 100, ಪತ್ರಿಕೆಯಲ್ಲಿ ಫೋಟೊ. 140 ಮಕ್ಕಳಿರುವ ನಗರದ ದೊಡ್ಡ ಪ್ರೌಢಶಾಲೆಯಲ್ಲಿ 126 ಮಂದಿ ಪಾಸಾದರೆ ಶೇ 90, ಆ ಶಾಲೆ ಪಟ್ಟಿಯಲ್ಲೇ ಇಲ್ಲ. ಚಿಕ್ಕ ಶಾಲೆಗಳ ಅಂಕಿ ವರ್ಷದಿಂದ ವರ್ಷಕ್ಕೆ ಜೋಕಾಲಿ ಆಡುವುದು ಶಿಕ್ಷಕರ ಗುಣದಿಂದಲ್ಲ, ಮಕ್ಕಳ ಸಂಖ್ಯೆ ಕಡಿಮೆ ಇರುವುದರಿಂದ. 20ಕ್ಕಿಂತ ಕಡಿಮೆ ಮಕ್ಕಳಿರುವ ಶಾಲೆಯ ಫಲಿತಾಂಶವನ್ನು ಒಂದೇ ವರ್ಷದ ಆಧಾರದ ಮೇಲೆ ಮುದ್ರಿಸಲೇಬಾರದು. ಮೂರು ವರ್ಷದ ಪಾಸಾದವರನ್ನು ಕೂಡಿಸಿ, ಮೂರು ವರ್ಷ ಪರೀಕ್ಷೆ ಬರೆದವರಿಂದ ಭಾಗಿಸಿ ಹೇಳಬೇಕು. ಮೂರು ಶೇಕಡಾಗಳ ಸರಾಸರಿ ತೆಗೆಯುವುದೂ ತಪ್ಪು, ಅದನ್ನೂ ಅನೇಕರು ಮಾಡುತ್ತಾರೆ.

ಆಯ್ದು ತೆಗೆದುಕೊಳ್ಳುವ ಶಾಲೆಗಳನ್ನು ಎಲ್ಲರನ್ನೂ ಸೇರಿಸಿಕೊಳ್ಳುವ ಶಾಲೆಗಳ ಜೊತೆ ನಿಲ್ಲಿಸುವುದು ಇನ್ನೊಂದು ಅನ್ಯಾಯ. ಗಾಜನೂರಿನ ಜವಾಹರ ನವೋದಯ ವಿದ್ಯಾಲಯಕ್ಕೆ ಆರನೇ ತರಗತಿಗೆ ಪ್ರವೇಶ ಪರೀಕ್ಷೆ ಇದೆ. ಆದರ್ಶ ವಿದ್ಯಾಲಯಕ್ಕೂ ಇದೆ. ವಸತಿ ಶಾಲೆಗಳಿಗೂ ಆಯ್ಕೆ ಇದೆ. ಆ ಪರೀಕ್ಷೆಗಳಲ್ಲಿ ಮೇಲೆ ಬಂದ ಮಕ್ಕಳು ನಮ್ಮದೇ ಹಿರಿಯ ಪ್ರಾಥಮಿಕ ಶಾಲೆಗಳ ಐದನೇ ತರಗತಿಯಿಂದ ಹೋದವರು. ಚೆನ್ನಾಗಿ ಕಲಿಸಿದ ಪ್ರಾಥಮಿಕ ಶಾಲೆ ತನ್ನ ಜಾಣ ಮಕ್ಕಳನ್ನು ಕಳೆದುಕೊಂಡು ಉಳಿದವರ ಫಲಿತಾಂಶಕ್ಕೆ ಬೈಗುಳ ತಿನ್ನುತ್ತದೆ. ನಮ್ಮ ಅಡಿಕೆ ಮಂಡಿಯಲ್ಲಿ ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ಬೇರೆ ಬೇರೆ ಮಾಡದೆ ಯಾರೂ ದರ ಕೂಗುವುದಿಲ್ಲ. ಶಾಲೆಗಳ ವಿಷಯದಲ್ಲಿ ಮಾತ್ರ ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಿ ತೂಗುತ್ತೇವೆ.

ಸರಿಯಾದ ಅಂಕಿ ಎಲ್ಲಿ ಸಿಗುತ್ತದೆ? ಹತ್ತನೇ ತರಗತಿಯಿಂದ ಶುರುಮಾಡಬೇಡಿ, ಎಂಟನೇ ತರಗತಿಯಿಂದ ಶುರುಮಾಡಿ. ಎರಡು ವರ್ಷದ ಹಿಂದೆ ಎಂಟನೇ ತರಗತಿಯ ಹಾಜರಿ ಪುಸ್ತಕದಲ್ಲಿ ಜುಲೈ ಕೊನೆಗೆ ಎಷ್ಟು ಹೆಸರಿದ್ದವು ಎಂದು ನೋಡಿ. 64 ಎಂದಿಟ್ಟುಕೊಳ್ಳಿ. ಅವರಲ್ಲಿ ಟಿಸಿ ಪಡೆದು ಬೇರೆ ಶಾಲೆಗೆ ಸೇರಿದವರು 7. ಸತತ ಗೈರಾಗಿ ಕೊನೆಗೆ ಹೆಸರು ತೆಗೆದವರು 6. ಒಂಬತ್ತನೇ ತರಗತಿಯಲ್ಲೇ ಉಳಿದವರು 3. ಉಳಿದ 48 ಮಂದಿಯಲ್ಲಿ ಪರೀಕ್ಷೆ–1ಕ್ಕೆ ಕೂತವರು 46, ಪಾಸಾದವರು 44. ಪತ್ರಿಕೆಯಲ್ಲಿ ಬರುವುದು 46ಕ್ಕೆ 44, ಅಂದರೆ ಶೇ 95.65. ಟಿಸಿ ತೆಗೆದುಕೊಂಡು ಹೋದವರನ್ನು ಬಿಟ್ಟರೂ ಆ ಶಾಲೆಯ ಹೊಣೆಯಲ್ಲಿದ್ದವರು 57. ಅವರಲ್ಲಿ ಸಕಾಲಕ್ಕೆ ಪಾಸಾದವರು 44, ಶೇ 77.19. ಪಕ್ಕದ ಶಾಲೆಯಲ್ಲಿ 57ಕ್ಕೆ 57 ಮಂದಿಯನ್ನೂ ಪರೀಕ್ಷೆಗೆ ಕೂರಿಸಿ 48 ಮಂದಿ ಪಾಸಾಗಿದ್ದರೆ ಅದರ ಶೇಕಡಾ 84. ಪತ್ರಿಕೆಯ ಪಟ್ಟಿಯಲ್ಲಿ ಮೊದಲನೆಯದು ಮೇಲೆ, ನಮ್ಮ ಲೆಕ್ಕದಲ್ಲಿ ಎರಡನೆಯದು ಮೇಲೆ.

ಟಿಸಿ ಲೆಕ್ಕದಲ್ಲೂ ಎಚ್ಚರ ಬೇಕು. ಕುಟುಂಬವೇ ಊರು ಬಿಟ್ಟು ಹೋದದ್ದು ಬೇರೆ, "ಇವನು ಇಲ್ಲಿ ಪಾಸಾಗುವುದಿಲ್ಲ, ಬೇರೆ ಕಡೆ ನೋಡಿ" ಎಂದು ಒಂಬತ್ತನೇ ತರಗತಿ ಮುಗಿದ ಮೇಲೆ ಕೈಗೆ ಟಿಸಿ ಕೊಡುವುದು ಬೇರೆ. ಎರಡನೆಯದು ಹೆಚ್ಚಾಗಿ ಖಾಸಗಿ ಶಾಲೆಗಳ ರೂಢಿ, ಆ ಮಕ್ಕಳು ಬಂದು ಸೇರುವುದು ಸರ್ಕಾರಿ ಶಾಲೆಯ ಹತ್ತನೇ ತರಗತಿಗೆ, ಇಲ್ಲವೇ ಖಾಸಗಿ ಅಭ್ಯರ್ಥಿಯಾಗಿ ಪರೀಕ್ಷೆಗೆ. ಸರ್ಕಾರಿ ಶಾಲೆ ಬೇಡ ಎನ್ನುವಂತಿಲ್ಲ. ಪ್ರತಿ ಮಗುವಿಗೂ ಎಸ್‌ಎಟಿಎಸ್ (ಇಲಾಖೆಯ ವಿದ್ಯಾರ್ಥಿ ದಾಖಲೆ ವ್ಯವಸ್ಥೆ) ಸಂಖ್ಯೆ ಇರುವುದರಿಂದ ಯಾವ ಮಗು ಯಾವ ವರ್ಷ ಎಲ್ಲಿತ್ತು ಎಂದು ಇಲಾಖೆಗೆ ಕ್ಷಣದಲ್ಲಿ ಗೊತ್ತಾಗುತ್ತದೆ. ಹತ್ತನೇ ತರಗತಿಗೆ ಹೊಸದಾಗಿ ಬಂದವರನ್ನು ಬೇರೆ ಸಾಲಿನಲ್ಲಿ ತೋರಿಸಿದರೆ ಅರ್ಧ ಗೊಂದಲ ಕಳೆಯುತ್ತದೆ.

ಪಾಸು–ಫೇಲು ಬಿಟ್ಟು ಅಂಕಗಳಿಗೆ ಬನ್ನಿ. 625 ಅಂಕಗಳಲ್ಲಿ ಪ್ರಥಮ ಭಾಷೆಗೆ 125, ಉಳಿದ ಐದು ವಿಷಯಕ್ಕೆ ತಲಾ 100. ಇವುಗಳಲ್ಲಿ ಆಂತರಿಕ ಅಂಕ 25 ಮತ್ತು ತಲಾ 20. ಅಂದರೆ 125 ಅಂಕ ಶಾಲೆಯ ಕೈಯಲ್ಲೇ ಇದೆ, ಅದನ್ನು ಪೂರ್ತಿ ಕೊಡುವುದೇ ಎಲ್ಲ ಕಡೆ ನಡೆದುಬಂದಿದೆ. ಆದ್ದರಿಂದ ಹೋಲಿಸುವಾಗ ಒಟ್ಟು ಅಂಕ ಬಿಟ್ಟು ಲಿಖಿತ ಅಂಕವನ್ನೇ ನೋಡಬೇಕು. ಅದರಲ್ಲೂ ಗಣಿತದ 80, ವಿಜ್ಞಾನದ 80, ಇಂಗ್ಲಿಷ್‌ನದ್ದು. ಗಣಿತದಲ್ಲಿ 80ಕ್ಕೆ 48 ದಾಟಿದವರು ಎಷ್ಟು, ಪಾಸಿನ ಅಂಕದ ಆಸುಪಾಸಿನಲ್ಲಿ ನಿಂತವರು ಎಷ್ಟು ಎಂದು ಎರಡು ಗೆರೆ ಎಳೆದರೆ ಶಾಲೆಯ ಒಳಗಿನ ಚಿತ್ರ ತೆರೆದುಕೊಳ್ಳುತ್ತದೆ.

ಕೆಳಗಿನ ಗೆರೆಗೆ ಗುಂಪು ಕಟ್ಟಿಕೊಂಡಿದ್ದರೆ ಅಲ್ಲಿ 'ಪಾಸಿಂಗ್ ಪ್ಯಾಕೇಜ್' ಕೆಲಸ ಮಾಡಿದೆ ಎಂದೇ ಅರ್ಥ. ಡಿಸೆಂಬರ್ ಕಳೆದ ಮೇಲೆ ಹಿಂದುಳಿದ ಮಕ್ಕಳನ್ನು ಬೇರೆ ಕೂರಿಸಿ, ಖಚಿತವಾಗಿ ಬರುವ ಪ್ರಶ್ನೆಗಳನ್ನಷ್ಟೇ ಉಜ್ಜುವ ಕ್ರಮ ಅದು: ರೇಖಾತ್ಮಕ ಸಮೀಕರಣಗಳ ನಕ್ಷೆ ಒಂದು, ಥೇಲ್ಸ್ ಪ್ರಮೇಯ ಬಾಯಿಪಾಠ, ಸರಾಸರಿ ಅಥವಾ ಮಧ್ಯಾಂಕದ ಕೋಷ್ಟಕ, ಸಮಾಂತರ ಶ್ರೇಢಿಯ ಸೂತ್ರ. ಮಗು ಪಾಸಾಗುತ್ತದೆ. ಅದನ್ನು ನಾವು ಹೀಗಳೆಯುವುದಿಲ್ಲ, ಹತ್ತನೇ ತರಗತಿಯ ಕಾಗದ ಕೈಯಲ್ಲಿಲ್ಲದೆ ಐಟಿಐಗೂ ಸೀಟು ಕಷ್ಟ. ಆದರೆ ಥೇಲ್ಸ್ ಪ್ರಮೇಯದ ಚಿತ್ರವನ್ನು ತಲೆಕೆಳಗು ಮಾಡಿ ಕೊಟ್ಟರೆ ಆ ಮಗುವಿನ ಪೆನ್ನು ನಿಲ್ಲುತ್ತದೆ, ಮತ್ತು ಪ್ರಥಮ ಪಿಯುಸಿ ವಿಜ್ಞಾನಕ್ಕೆ ಹೋದರೆ ಮೊದಲ ಕಿರುಪರೀಕ್ಷೆಗೇ ಗೊತ್ತಾಗುತ್ತದೆ. ಎರಡು ಶಾಲೆಗಳ ಶೇಕಡಾ ಒಂದೇ ಇದ್ದು ಒಂದರಲ್ಲಿ 48 ದಾಟಿದವರು ಮೂವರು, ಇನ್ನೊಂದರಲ್ಲಿ ಹದಿನೆಂಟು ಮಂದಿ ಇದ್ದರೆ ಅವು ಒಂದೇ ಮಟ್ಟದ ಶಾಲೆಗಳಲ್ಲ.

ಹೀಗಾಗಲು ಕಾರಣವನ್ನು ವೇಳಾಪಟ್ಟಿಯಲ್ಲಿ ಹುಡುಕಿ. ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತ ಮತ್ತು ಭೌತವಿಜ್ಞಾನಕ್ಕೆ ಪಿಸಿಎಂ (ಭೌತ, ರಸಾಯನ, ಗಣಿತ ಓದಿದ) ಶಿಕ್ಷಕರು, ಜೀವವಿಜ್ಞಾನದ ಕಡೆಗೆ ಸಿಬಿಝಡ್ (ರಸಾಯನ, ಸಸ್ಯ, ಪ್ರಾಣಿಶಾಸ್ತ್ರ ಓದಿದ) ಶಿಕ್ಷಕರು. ಪಿಸಿಎಂ ಹುದ್ದೆ ಖಾಲಿ ಬಿದ್ದರೆ ಗಣಿತ ಸಿಬಿಝಡ್ ಶಿಕ್ಷಕರ ತಲೆಗೆ ಬರುತ್ತದೆ, ಇಲ್ಲವೇ ಅತಿಥಿ ಶಿಕ್ಷಕರಿಗಾಗಿ ಕಾಯಬೇಕು. ಆದೇಶ ಬಂದು, ಅರ್ಜಿ ಕರೆದು, ಆಯ್ಕೆಯಾಗಿ ಅವರು ಪಾಠ ಶುರುಮಾಡುವಾಗ ಎಷ್ಟೋ ಕಡೆ ಜೂನ್ ಕಳೆದಿರುತ್ತದೆ. ಬಿ.ಇಡಿ. ಮಾಡಿದ ಗಣಿತದ ಹುಡುಗ ಹುಡುಗಿಯರು ಅತಿಥಿ ಗೌರವಧನಕ್ಕೆ ಹೆಚ್ಚು ದಿನ ನಿಲ್ಲುವುದಿಲ್ಲ, ಒಳ್ಳೆಯ ಕಡೆ ಸಿಕ್ಕರೆ ನಡುವರ್ಷದಲ್ಲೇ ಹೊರಡುತ್ತಾರೆ. ಅವರ ತಪ್ಪೂ ಅಲ್ಲ. "ಎಲ್ಲ ಹುದ್ದೆ ಭರ್ತಿ ಇದೆ" ಎಂಬ ಉತ್ತರಕ್ಕೆ ತೃಪ್ತರಾಗಬೇಡಿ. ಯಾವ ವಿಷಯದ ಹುದ್ದೆ, ಆ ಹುದ್ದೆಯಲ್ಲಿರುವವರು ಇದೇ ಶಾಲೆಯಲ್ಲಿ ಪಾಠ ಮಾಡುತ್ತಿದ್ದಾರೋ ಅಥವಾ ನಿಯೋಜನೆ ಮೇಲೆ ಬೇರೆಡೆ ಇದ್ದಾರೋ ಎಂದು ಕೇಳಬೇಕು. ಸಂಬಳ ಇಲ್ಲಿ, ಕೆಲಸ ಅಲ್ಲಿ ಎಂಬ ಹುದ್ದೆ ಕಾಗದದಲ್ಲಿ ಭರ್ತಿಯೇ.

ಪ್ರಾಥಮಿಕ ಶಾಲೆಗಳಲ್ಲಿ ಶಿಕ್ಷಕ–ವಿದ್ಯಾರ್ಥಿ ಅನುಪಾತ ಎಂಬ ಅಂಕಿಯಂತೂ ಪೂರ್ತಿ ದಾರಿ ತಪ್ಪಿಸುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಒಂದರಿಂದ ಐದನೇ ತರಗತಿಗೆ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು, 61ರಿಂದ 90ಕ್ಕೆ ಮೂವರು, 91ರಿಂದ 120ಕ್ಕೆ ನಾಲ್ವರು. 58 ಮಕ್ಕಳಿರುವ ಶಾಲೆಯಲ್ಲಿ ಅನುಪಾತ 29ಕ್ಕೆ 1, ಕಾಗದದಲ್ಲಿ ಬಹಳ ಚೆಂದ. ಆದರೆ ಅಲ್ಲಿ ತರಗತಿಗಳು ಐದು, ಶಿಕ್ಷಕರು ಇಬ್ಬರು. ಒಬ್ಬರು ಒಂದರಿಂದ ಮೂರನೇ ತರಗತಿಯ ನಲಿ–ಕಲಿ ಕೊಠಡಿಯಲ್ಲಿ, ಇನ್ನೊಬ್ಬರು ನಾಲ್ಕು–ಐದರಲ್ಲಿ. ಒಬ್ಬರು ತರಬೇತಿಗೋ ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಕರೆದ ಸಭೆಗೋ ಹೋದ ದಿನ ಐದೂ ತರಗತಿ ಒಂದೇ ಕೊಠಡಿಗೆ. 62 ಮಕ್ಕಳಿರುವ ಪಕ್ಕದ ಬಡಾವಣೆಯ ಶಾಲೆಯಲ್ಲಿ ಮೂವರಿದ್ದರೆ ಅಲ್ಲಿನ ಪರಿಸ್ಥಿತಿಯೇ ಬೇರೆ. ಆದ್ದರಿಂದ "ಒಬ್ಬ ಶಿಕ್ಷಕರ ಪಾಲಿಗೆ ಎಷ್ಟು ಮಕ್ಕಳು" ಎಂದು ಕೇಳುವುದಕ್ಕಿಂತ "ಒಬ್ಬ ಶಿಕ್ಷಕರ ಪಾಲಿಗೆ ಎಷ್ಟು ತರಗತಿ" ಎಂದು ಕೇಳಿ. ಆರರಿಂದ ಎಂಟಕ್ಕೆ ಗಣಿತ–ವಿಜ್ಞಾನ, ಸಮಾಜ ವಿಜ್ಞಾನ, ಭಾಷೆ ಈ ಮೂರಕ್ಕೂ ಒಬ್ಬೊಬ್ಬರಾದರೂ ಇರಬೇಕೆಂದು ಅದೇ ಕಾಯ್ದೆ ಹೇಳುತ್ತದೆ. ಗಣಿತದ ಪದವೀಧರ ಶಿಕ್ಷಕರಿಲ್ಲದ ಹಿರಿಯ ಪ್ರಾಥಮಿಕ ಶಾಲೆಯ ಮಕ್ಕಳು ಎಂಟನೇ ತರಗತಿ ಮುಗಿಸುವಾಗ ಬೀಜಗಣಿತ ಕಂಡು ಹೆದರುವಂತಾಗಿರುತ್ತಾರೆ. ಆ ಹೆದರಿಕೆಯ ಫಲಿತಾಂಶ ಮುಂದಿನ ಪ್ರೌಢಶಾಲೆಯ ಲೆಕ್ಕಕ್ಕೆ ಬೀಳುತ್ತದೆ.

ಮುಂದಿನ ದಿನ ಇನ್ನೂ ಬಿಗಿ. ಮಲೆನಾಡಿನವರೇ ಆದ ಎಚ್.ಜಿ. ಗೋವಿಂದೇಗೌಡರು ಶಿಕ್ಷಣ ಸಚಿವರಾಗಿದ್ದಾಗ, 1990ರ ದಶಕದ ನಡುಭಾಗದಲ್ಲಿ, ಅಂಕ ನೋಡಿ ಲಂಚವಿಲ್ಲದೆ ನೇಮಕವಾದ ಶಿಕ್ಷಕರ ದೊಡ್ಡ ತಂಡವೊಂದು ರಾಜ್ಯದ ಶಾಲೆಗಳನ್ನು ಇಷ್ಟು ವರ್ಷ ಹೊತ್ತು ನಿಂತಿದೆ. ಆಗ ಇಪ್ಪತ್ತೈದು–ಮೂವತ್ತರ ವಯಸ್ಸಿನಲ್ಲಿ ಸೇರಿದವರಿಗೆ ಈಗ ನಿವೃತ್ತಿಯ ಸರದಿ. ಒಂದು ಶಾಲೆಯ ಶಿಕ್ಷಕರಲ್ಲಿ ಮುಂದಿನ ಮೂರು ವರ್ಷದಲ್ಲಿ ನಿವೃತ್ತರಾಗುವವರು ಎಷ್ಟು ಎಂದು ಇವತ್ತೇ ಹೇಳಬಹುದು, ಹುಟ್ಟಿದ ದಿನಾಂಕ ಸೇವಾ ಪುಸ್ತಕದಲ್ಲಿದೆ. ಈಗಿನ ಕೀರ್ತಿ ನೋಡಿ ಒಂದನೇ ತರಗತಿಗೆ ಮಗುವನ್ನು ಸೇರಿಸುವ ಪೋಷಕರು ಇದನ್ನು ಕೇಳುವುದೇ ಇಲ್ಲ. ಅಂದಹಾಗೆ ಕಿಮ್ಮನೆ ರತ್ನಾಕರ ಅವರ ನಂತರ ಮಧು ಬಂಗಾರಪ್ಪ ಅವರು, ಹೀಗೆ ಹತ್ತು ವರ್ಷದ ಅಂತರದಲ್ಲಿ ಇಬ್ಬರು ಶಾಲಾ ಶಿಕ್ಷಣ ಸಚಿವರನ್ನು ಕೊಟ್ಟ ಜಿಲ್ಲೆ ನಮ್ಮದು. ಖಾಲಿ ಹುದ್ದೆಯ ಪಟ್ಟಿಯನ್ನು ತಾಲ್ಲೂಕುವಾರು ಗೋಡೆಗೆ ಅಂಟಿಸಿ ಎಂದು ಕೇಳಲು ನಮಗಿಂತ ಹಕ್ಕು ಯಾರಿಗಿದೆ?

ಪ್ರಾಥಮಿಕ ಹಂತದಲ್ಲಿ ಸಾರ್ವಜನಿಕರಿಗೆ ಸಿಗುವ ಒಂದೇ ಅಳತೆಯ ಫಲಿತಾಂಶ ಇಲ್ಲವೇ ಇಲ್ಲ. 5, 8 ಮತ್ತು 9ನೇ ತರಗತಿಗೆ ಮಂಡಳಿ ಮಟ್ಟದ ಪರೀಕ್ಷೆ ಮಾಡಹೊರಟದ್ದು ನ್ಯಾಯಾಲಯ ಹತ್ತಿತು, 2024ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಫಲಿತಾಂಶಕ್ಕೆ ತಡೆ ಕೊಟ್ಟಿತು. ಪುಟ್ಟ ಮಕ್ಕಳಿಗೆ ಬೋರ್ಡ್ ಪರೀಕ್ಷೆ ಬೇಡ ಎಂಬುದೇ ನಮ್ಮ ಅಭಿಪ್ರಾಯವೂ. ಆದರೆ ಅಳತೆ ಬೇಕು. ಅದಕ್ಕೆ ಪ್ರಶ್ನೆಪತ್ರಿಕೆ ಬೇಡ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರು ಮುಖ್ಯ ಶಿಕ್ಷಕರ ಒಪ್ಪಿಗೆ ಪಡೆದು ಒಂದು ಮಧ್ಯಾಹ್ನದಲ್ಲಿ ಮಾಡಿ ಮುಗಿಸಬಹುದು.

ಐದನೇ ತರಗತಿಯ ಹಾಜರಿ ಪುಸ್ತಕದಲ್ಲಿ ಪ್ರತಿ ಮೂರನೇ ಹೆಸರನ್ನು ಆರಿಸಿ. ಶಿಕ್ಷಕರು ಕರೆಸಿದ ಮಕ್ಕಳನ್ನು ತೆಗೆದುಕೊಳ್ಳಬೇಡಿ, ಮೊದಲ ಬೆಂಚಿನವರೇ ಬರುತ್ತಾರೆ. ಗೈರಾದ ಮಗುವಿನ ಹೆಸರನ್ನೂ ಬರೆದುಕೊಂಡು ಇನ್ನೊಂದು ದಿನ ನೋಡಿ, ಏಕೆಂದರೆ ಹೆಚ್ಚು ಗೈರಾಗುವವರೇ ಓದಲು ಬಾರದವರು. ಎರಡನೇ ತರಗತಿಯ ಕನ್ನಡ ಪುಸ್ತಕದಿಂದ, ಮಗು ಪದ್ಯದಂತೆ ಬಾಯಿಪಾಠ ಮಾಡಿರದ ಒಂದು ಗದ್ಯ ಪುಟ ತೆರೆದು ಓದಿಸಿ. ತಡವರಿಸದೆ ಓದಿ, ಏನು ಓದಿದೆ ಎಂದರೆ ಎರಡು ಮಾತು ಹೇಳಿದರೆ ಸರಿ. ಅಕ್ಷರಕ್ಷರ ಕೂಡಿಸಿ "ಕಾ... ಡಿ... ನ... ಲ್ಲಿ" ಎಂದರೆ ಇನ್ನೂ ಪದದ ಹಂತದಲ್ಲಿದೆ. ಒತ್ತಕ್ಷರದ ಹತ್ತಿರ ಕಿವಿಗೊಡಿ. 'ಸೂರ್ಯ' ಎಂಬಲ್ಲಿ ಅರ್ಕಾವೊತ್ತು ಕಣ್ಣಿಗೆ ಕೊನೆಯಲ್ಲಿ ಕಾಣುತ್ತದೆ, ಬಾಯಿಗೆ ಮೊದಲು ಬರಬೇಕು. ಕಲಿಸಿರದಿದ್ದರೆ ಮಗು 'ಸೂಯ್ರ' ಎನ್ನುತ್ತದೆ. ಅಲ್ಲಿ ಎಡವುವ ಮಗು ಐದನೇ ತರಗತಿಯ ಪರಿಸರ ಅಧ್ಯಯನದ ಒಂದು ಪುಟವನ್ನೂ ತಾನಾಗಿ ಓದಲಾರದು.

ಲೆಕ್ಕಕ್ಕೆ ಎರಡೇ ಸಾಕು. 52ರಿಂದ 27 ಕಳೆಯಲು ಕೊಡಿ. ಉತ್ತರ 35 ಬಂದರೆ ಮಗು ದಶಕ ಎರವಲು ಪಡೆಯುವುದನ್ನು ಕಲಿತಿಲ್ಲ, ದೊಡ್ಡ ಅಂಕಿಯಿಂದ ಚಿಕ್ಕದನ್ನು ಕಳೆದು ಕೂತಿದೆ. 824ನ್ನು 8ರಿಂದ ಭಾಗಿಸಲು ಕೊಡಿ. 13 ಎಂದು ಬಂದರೆ 2ರಲ್ಲಿ 8 ಹೋಗುವುದಿಲ್ಲ ಎಂದಾಗ ಸೊನ್ನೆ ಹಾಕಬೇಕೆಂಬುದು ಗೊತ್ತಿಲ್ಲ. ಈ ಎರಡು ತಪ್ಪುಗಳು ಇಡೀ ತರಗತಿಯಲ್ಲಿ ಕಂಡರೆ ಅದು ಮಕ್ಕಳ ದಡ್ಡತನ ಅಲ್ಲ, ಮೂರು–ನಾಲ್ಕನೇ ತರಗತಿಯಲ್ಲಿ ಆ ಪಾಠ ನಡೆದಿಲ್ಲ ಅಥವಾ ಕಡ್ಡಿ, ಮಣಿ ಇಟ್ಟು ನಡೆದಿಲ್ಲ. ಮೂರು–ನಾಲ್ಕು ಮಕ್ಕಳಲ್ಲಿ ಮಾತ್ರ ಕಂಡರೆ ಅವರ ಹಾಜರಿ ನೋಡಿ. ಹಾಳೆಯಲ್ಲಿ ಹೆಸರು ಬೇಡ, ಸಂಖ್ಯೆ ಸಾಕು: ಇಷ್ಟು ಮಂದಿಯಲ್ಲಿ ಇಷ್ಟು ಜನ ಓದಿದರು, ಇಷ್ಟು ಜನ ಕಳೆದರು, ಇಷ್ಟು ಜನ ಭಾಗಿಸಿದರು. ಆಗಸ್ಟ್‌ನಲ್ಲೊಮ್ಮೆ, ಫೆಬ್ರುವರಿಯಲ್ಲೊಮ್ಮೆ ಮಾಡಿದರೆ ಶಾಲೆ ಆ ವರ್ಷ ಎಷ್ಟು ಕಲಿಸಿತು ಎಂದು ತಿಳಿಯುತ್ತದೆ. ಆಗಸ್ಟ್‌ನಲ್ಲಿ ಹತ್ತರಲ್ಲಿ ಮೂವರು ಓದುತ್ತಿದ್ದು ಫೆಬ್ರುವರಿಗೆ ಏಳಾದ ಶಾಲೆ, ಮೊದಲಿಂದಲೂ ಎಂಟಿದ್ದು ಎಂಟರಲ್ಲೇ ಉಳಿದ ಶಾಲೆಗಿಂತ ಹೆಚ್ಚು ಕೆಲಸ ಮಾಡಿದೆ. ನಗರದ ಅಂಚಿನ ಶಾಲೆಗಳಿಗೆ ಇದು ಮುಖ್ಯ. ಕಟ್ಟಡ ಕೆಲಸಕ್ಕೆ ಉತ್ತರ ಕರ್ನಾಟಕದಿಂದ ಬಂದವರ ಮಕ್ಕಳು, ಮನೆಯಲ್ಲಿ ಲಂಬಾಣಿ, ತಮಿಳು, ಉರ್ದು ಆಡುವ ಮಕ್ಕಳು ಅಲ್ಲಿ ಹೆಚ್ಚು. ಉರ್ದು ಮಾಧ್ಯಮದ ಶಾಲೆಗಳನ್ನು ಕನ್ನಡ ಓದಿನ ಮೇಲೆ ಅಳೆಯುವುದಂತೂ ಸಲ್ಲದು, ಅವರ ಓದನ್ನು ಉರ್ದು ಪುಸ್ತಕದಿಂದಲೇ ನೋಡಬೇಕು, ಲೆಕ್ಕ ಎಲ್ಲರಿಗೂ ಒಂದೇ.

ಹಾಜರಿಯ ಬಗ್ಗೆ ಎರಡು ಮಾತು. ಪುಸ್ತಕದಲ್ಲಿರುವ ಸಂಖ್ಯೆ, ಬಿಸಿಯೂಟಕ್ಕೆ ಕೂತವರ ಸಂಖ್ಯೆ, ತಲೆ ಎಣಿಸಿದ ಸಂಖ್ಯೆ ಮೂರೂ ತಾಳೆಯಾಗಬೇಕು. ಬೆಳಗಿನ ತರಗತಿಯ ಶನಿವಾರ, ದಸರಾ ರಜೆ ಮುಗಿದ ಮೊದಲ ವಾರ, ಅಡಿಕೆ ಕೊಯ್ಲಿನ ನವೆಂಬರ್–ಡಿಸೆಂಬರ್, ಈ ದಿನಗಳ ಹಾಜರಿ ನಿಜ ಹೇಳುತ್ತದೆ.

ಪಾಠದ ದಿನಗಳು ಹೇಗೆ ಕರಗುತ್ತವೆ ಎಂಬುದು ಮಲೆನಾಡಿನಲ್ಲಿ ಬೇರೆಯೇ ಲೆಕ್ಕ. ಶಿಕ್ಷಣ ಹಕ್ಕು ಕಾಯ್ದೆ ಒಂದರಿಂದ ಐದಕ್ಕೆ 200 ದಿನ, ಆರರಿಂದ ಎಂಟಕ್ಕೆ 220 ದಿನ ಕೇಳುತ್ತದೆ. ಜುಲೈನಲ್ಲಿ ನಗರಕ್ಕೆ ರಜೆ ಇಲ್ಲದ ದಿನವೂ ತೀರ್ಥಹಳ್ಳಿ, ಹೊಸನಗರ, ಸಾಗರಕ್ಕೆ ಮಳೆ ರಜೆ ಇರುತ್ತದೆ. ಅದನ್ನು ಶನಿವಾರ ಮಧ್ಯಾಹ್ನ ತುಂಬಿಕೊಳ್ಳಿ ಎಂದು ಆದೇಶ ಬರುತ್ತದೆ, ಬಸ್ಸು ಶನಿವಾರದ ಹಳೇ ಸಮಯಕ್ಕೇ ಹೊರಡುತ್ತದೆ, ದೂರದ ಮಕ್ಕಳು ಊಟ ಮುಗಿಸಿ ಹೊರಟುಬಿಡುತ್ತಾರೆ. ದಿನ ತುಂಬಿತು, ಪಾಠ ತುಂಬಲಿಲ್ಲ. 2025ರ ಅಕ್ಟೋಬರ್‌ನಲ್ಲಿ ಸಾಮಾಜಿಕ–ಶೈಕ್ಷಣಿಕ ಸಮೀಕ್ಷೆಗಾಗಿ ದಸರಾ ರಜೆಯನ್ನು 18ರವರೆಗೆ ವಿಸ್ತರಿಸಿದಾಗ ಸರ್ಕಾರಿ ಮತ್ತು ಅನುದಾನಿತ ಶಾಲೆಗಳು ಮುಚ್ಚಿದ್ದವು, ಅನುದಾನರಹಿತ ಶಾಲೆಗಳಲ್ಲಿ ಪಾಠ ನಡೆಯುತ್ತಿತ್ತು. ಫಲಿತಾಂಶದ ದಿನ ಎರಡನ್ನೂ ಒಂದೇ ಪಟ್ಟಿಯಲ್ಲಿ ಹಾಕುವವರು ಇದನ್ನು ನೆನಪಿಡಲಿ.

ಕಟ್ಟಡ ನೋಡಿ ಮರುಳಾಗುವುದೂ ಬೇಡ, ಕಡೆಗಣಿಸುವುದೂ ಬೇಡ. ಬಣ್ಣ ಬಳಿದ ಗೋಡೆ, ರೈಲಿನ ಬೋಗಿಯಂತೆ ಚಿತ್ರಿಸಿದ ಕೊಠಡಿ ಏಪ್ರಿಲ್‌ನಲ್ಲಿ ಚೆಂದ ಕಾಣುತ್ತವೆ. ಶಾಲೆಯನ್ನು ನೋಡಬೇಕಾದ್ದು ಜುಲೈ ಮೂರನೇ ವಾರದಲ್ಲಿ. ಹೆಂಚಿನ ಮಾಡಿನ ಶಾಲೆಗಳಲ್ಲಿ ಎರಡು ಇಳಿಜಾರು ಕೂಡುವ ಕಣಿವೆಯ ತಗಡು ತೂತಾದರೆ ನೀರು ನೇರ ಕರಿಹಲಗೆಯ ಗೋಡೆಗೆ ಇಳಿಯುತ್ತದೆ. ತೇವದ ಗೋಡೆಯಲ್ಲಿ ಸ್ವಿಚ್ ಮುಟ್ಟಿದರೆ ಜುಮ್ಮೆನ್ನುತ್ತದೆ, ಹಾಗಾಗಿ ಮೇನ್ ತೆಗೆದಿಟ್ಟು ಸ್ಮಾರ್ಟ್ ಕ್ಲಾಸ್ ಪರದೆಗೆ ಬಟ್ಟೆ ಹೊದಿಸಿರುತ್ತಾರೆ. ಸಮಗ್ರ ಶಿಕ್ಷಣದ ಶಾಲಾ ಅನುದಾನ 30 ಮಕ್ಕಳವರೆಗಿನ ಶಾಲೆಗೆ ವರ್ಷಕ್ಕೆ 10 ಸಾವಿರ, 100ರವರೆಗೆ 25 ಸಾವಿರ, 250ರವರೆಗೆ 50 ಸಾವಿರ, ಸಾವಿರದವರೆಗೆ 75 ಸಾವಿರ ರೂಪಾಯಿ. ಅದರಲ್ಲಿ ಶೇ 10 ಸ್ವಚ್ಛತೆಗೆ. 28 ಮಕ್ಕಳ ಶಾಲೆಗೆ ಉಳಿಯುವ 9 ಸಾವಿರದಲ್ಲಿ ಸೀಮೆಸುಣ್ಣ, ದಾಖಲೆ ಪುಸ್ತಕ, ನಲ್ಲಿ ರಿಪೇರಿ ಕಳೆದರೆ ಹೆಂಚು ತಿರುಗಿಸುವ ಕೂಲಿಗೆ ಏನೂ ಇರುವುದಿಲ್ಲ. ಒಣ ಸೀಮೆಗೂ ಮಲೆನಾಡಿಗೂ ಒಂದೇ ದರ, ಮತ್ತು ಕಂತು ಮಳೆಗಾಲ ಮುಗಿದ ಮೇಲೆ ಬಂದರೆ ಬಂದೂ ಉಪಯೋಗವಿಲ್ಲ. ಶೌಚಾಲಯವನ್ನು ಬೆಳಗಿನ ಪ್ರಾರ್ಥನೆ ಹೊತ್ತಿಗೆ ನೋಡಬೇಡಿ, ಮಧ್ಯಾಹ್ನ ಮೂರೂವರೆಗೆ ನೋಡಿ: ಬಾಗಿಲಿಗೆ ಒಳಗಿನ ಚಿಲಕ ಇದೆಯೇ, ನಲ್ಲಿಯಲ್ಲಿ ಆಗಲೂ ನೀರಿದೆಯೇ, ಬೀಗದ ಕೀ ಯಾರ ಬಳಿ ಇದೆ. ಏಳನೇ ತರಗತಿ ದಾಟಿದ ಹೆಣ್ಣುಮಕ್ಕಳ ಹಾಜರಿಗೂ ಈ ಮೂರು ಉತ್ತರಕ್ಕೂ ನೇರ ಸಂಬಂಧವಿದೆ.

ಇಂಗ್ಲಿಷ್ ಮಾಧ್ಯಮ ಮತ್ತು ಕರ್ನಾಟಕ ಪಬ್ಲಿಕ್ ಶಾಲೆಗಳ ವಿಷಯಕ್ಕೆ ಹೆಚ್ಚು ಹೇಳುವುದಿಲ್ಲ. ಎಲ್‌ಕೆಜಿಯಿಂದ ಪಿಯುಸಿವರೆಗೆ ಒಂದೇ ಆವರಣ ಎಂಬುದು ಒಳ್ಳೆಯದೇ. ಆದರೆ ಅವುಗಳಿಗೆ ಸುತ್ತಲಿನ ಶಾಲೆಗಳ ಮಕ್ಕಳು ಬಂದು ಸೇರಿದಾಗ ಅಲ್ಲಿ ದಾಖಲಾತಿ ಏರಿದ್ದನ್ನಷ್ಟೇ ಸುದ್ದಿ ಮಾಡುತ್ತೇವೆ, ಇಲ್ಲಿ 62ರಿಂದ 58ಕ್ಕಿಳಿದ ಶಾಲೆ ಮೂರನೇ ಶಿಕ್ಷಕರನ್ನು 'ಹೆಚ್ಚುವರಿ' ಲೆಕ್ಕದಲ್ಲಿ ಕಳೆದುಕೊಳ್ಳುವುದನ್ನು ಬರೆಯುವುದಿಲ್ಲ. ಆ ನಾಲ್ಕು ಮಕ್ಕಳು ಹೋದದ್ದಕ್ಕೆ ಉಳಿದ 58 ಮಕ್ಕಳು ತೆರುವ ಬೆಲೆ ಅದು.

ನಿಮ್ಮ ಪತ್ರಿಕೆಗೆ ನಮ್ಮ ವಿನಂತಿ: ಮುಂದಿನ ಫಲಿತಾಂಶದ ಪಟ್ಟಿಯಲ್ಲಿ ಶಾಲೆಯ ಹೆಸರಿನ ಮುಂದೆ ಎಂಟನೇ ತರಗತಿಯಲ್ಲಿದ್ದವರು, ಪರೀಕ್ಷೆ–1ಕ್ಕೆ ಕೂತವರು, ಪಾಸಾದವರು, ಗಣಿತ ಲಿಖಿತದಲ್ಲಿ 48 ದಾಟಿದವರು ಎಂದು ನಾಲ್ಕು ಕಲಂ ಹಾಕಿ. ಪ್ರವೇಶ ಪರೀಕ್ಷೆ ಇರುವ ಶಾಲೆಗಳನ್ನು ಬೇರೆ ಪಟ್ಟಿಯಲ್ಲಿಡಿ. ಜಾಗ ಸಾಲದಿದ್ದರೆ ಒಂದು ದಿನಕ್ಕೆ ಒಂದೇ ಬಡಾವಣೆಯದ್ದು ಹಾಕಿ. ನಗರಪಾಲಿಕೆಯಲ್ಲಿ 35 ವಾರ್ಡ್‌ಗಳಿವೆ, ತಿಂಗಳೊಪ್ಪತ್ತಿನಲ್ಲಿ ಮುಗಿಯುತ್ತದೆ.

ಅಂಕಿ ಕೊಡಲು ಕಚೇರಿ ಮೀನಮೇಷ ಎಣಿಸಿದರೆ ಪೋಷಕರೇ ಮಾಹಿತಿ ಹಕ್ಕಿನಡಿ ಕೇಳಬಹುದು. ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ಸಾಕು. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ಹುದ್ದೆ, ಫಲಿತಾಂಶ, ಅನುದಾನ ಮೂರನ್ನೂ ಒಂದರಲ್ಲೇ ತುರುಕಿದರೆ ಅದೇ ನೆಪದಲ್ಲಿ ವಾಪಸ್ ಬರುತ್ತದೆ, ಮೂರು ಅರ್ಜಿ ಹಾಕಿ. ಮಕ್ಕಳ ಹೆಸರು ಕೇಳಬೇಡಿ, ವೈಯಕ್ತಿಕ ಮಾಹಿತಿ ಎಂದು ಇಡೀ ಅರ್ಜಿ ನಿಲ್ಲುತ್ತದೆ, ಸಂಖ್ಯೆ ಮಾತ್ರ ಕೇಳಿ. "ಶಾಲೆಯ ಗುಣಮಟ್ಟ ಹೇಗಿದೆ" ಎಂದು ಕೇಳಿದರೆ ಉತ್ತರವಿಲ್ಲ. ದಾಖಲೆಯಲ್ಲಿ ಇರುವುದನ್ನಷ್ಟೇ ಅವರು ಕೊಡಬೇಕು. ಶಾಲೆಯ 11 ಅಂಕಿಯ ಯುಡೈಸ್ ಸಂಖ್ಯೆ (ಪ್ರತಿ ಶಾಲೆಗೂ ಇರುವ ಗುರುತಿನ ಸಂಖ್ಯೆ) ನಮೂದಿಸಿ, ನಮ್ಮ ರಾಜ್ಯದ್ದು 29ರಿಂದ ಶುರುವಾಗುತ್ತದೆ, ಒಂದೇ ಹೆಸರಿನ ಎರಡು ಶಾಲೆ ಇರುವ ಬಡಾವಣೆಯಲ್ಲಿ ಇದು ಗೊಂದಲ ತಪ್ಪಿಸುತ್ತದೆ. ಅರ್ಜಿಯನ್ನು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಮಾಹಿತಿ ಅವರ ಬಳಿ ಇಲ್ಲದಿದ್ದರೆ ಐದು ದಿನದೊಳಗೆ ಸಂಬಂಧಪಟ್ಟವರಿಗೆ ಕಳಿಸಬೇಕು, ಉತ್ತರಕ್ಕೆ 30 ದಿನ. ಮೇ ಕೊನೆಯ ದಾಖಲಾತಿಗೆ ಉತ್ತರ ಕೈಯಲ್ಲಿರಬೇಕಾದರೆ ಅರ್ಜಿ ಏಪ್ರಿಲ್ ಮೊದಲ ವಾರದಲ್ಲೇ ಹೋಗಿರಬೇಕು.

— ಕೆಲವು ನಿವೃತ್ತ ಶಿಕ್ಷಕರು, ಶಿವಮೊಗ್ಗ